ಅಂಬೆಗಾಲಿಟ್ಟ ಮನೆಗೊಂದು ನೆಲುವು

ನಮ್ಮ ಸೀಮೆಯಲ್ಲಿ ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಬೆರಳಲ್ಲಿ ಮುರಿದು, ಒಂದು ಸುತ್ತು ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡು ನುಂಗುತ್ತಾರೆ. ಮಗು ಮೊದಲ ಸಲ ಹಾಗೆ ನುಂಗಿದ ದಿನ ಮನೆಯವರೆಲ್ಲ ಕೈ ತೊಳೆಯುವುದನ್ನೂ ಮರೆತು ನೋಡುತ್ತಾ ಕೂರುತ್ತಾರೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ನಾನೂ ಹಾಗೆ ನುಂಗಿದ್ದೆನಂತೆ. ನನಗೆ ಅದರ ನೆನಪಿಲ್ಲ. ನನಗೆ ನೆನಪಿರುವ ಬದುಕೆಲ್ಲ ಮುದ್ದೆ ನುಂಗಲಾಗದವಳ ಬದುಕೇ.

ಕಿರಂಗೂರಿನಲ್ಲಿ ನಮ್ಮದು ತಲೆತಲಾಂತರದ ಒಕ್ಕಲುತನದ ಮನೆ. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಇನ್ನೂ ಮದುವೆಯಾಗದ ಚಿಕ್ಕಪ್ಪ, ಮತ್ತೆ ನಾನು. ದನಗಳಿಗೂ ನಮಗೂ ಸೂರು ಒಂದೇ. ಕನ್ನಂಬಾಡಿ ಕಟ್ಟೆ ಮೇಲೇಳುತ್ತಿದ್ದ ಕಾಲ ಅದು; ನಾಲೆಗೆ ನೀರು ಯಾವಾಗ ಬರುತ್ತದೆ, ಯಾರ ಹೊಲ ಗದ್ದೆಯಾಗುತ್ತದೆ ಎಂಬುದೇ ಜಗಲಿಯ ಮೇಲಿನ ಮಾತು. ಅಪ್ಪ ಆ ಮಾತುಗಳನ್ನೂ ಸುಮ್ಮನೆ ಕೇಳುತ್ತಾ ಹಗ್ಗ ಹೊಸೆಯುವ ಮನುಷ್ಯ. ಚಿಕ್ಕಪ್ಪ ಅದಕ್ಕೆ ತದ್ವಿರುದ್ಧ. ಶ್ರೀರಂಗಪಟ್ಟಣದಲ್ಲಿ ಮಿಡ್ಲ್‌ಸ್ಕೂಲು ಮುಗಿಸಿ, ಮೈಸೂರಿನ ನೆಂಟರ ಮನೆಯಲ್ಲಿ ಒಂದಷ್ಟು ಕಾಲ ಇದ್ದು, ಬರುವಾಗ ತಲೆಗೊಂದು ಖಾದಿ ಟೋಪಿ, ಕೈಗೊಂದು ಕಸುಬು ತಂದಿದ್ದ. ಆ ಕಸುಬು ಸೋಪು ಮಾಡುವುದು. ಪರದೇಶದ ಸೋಪು ನಮಗೇಕೆ, ನಮ್ಮ ಹೊಂಗೆಯೆಣ್ಣೆಯಲ್ಲೇ ನಮ್ಮ ಬಟ್ಟೆಯ ಕೊಳೆ ಹೋಗಲಿ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಅಜ್ಜಿಗೆ ಅವನ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಆದರೆ ಅವನು ಮಾಡಿದ ಸೋಪಿನಲ್ಲಿ ತನ್ನ ಸೀರೆ ಒಗೆಸಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಳು.

ಸೋಪಿಗೆ ಎಣ್ಣೆಯ ಜೊತೆ ಬೇಕಾಗುವುದು ಸೋಡ. ಬಟ್ಟೆ ಒಗೆಯುವ ಸಾದಾ ಸೋಡ ಅಲ್ಲ. ಅಂಗಡಿಯವರು ಕಾಸ್ಟಿಕ್ಕು ಎನ್ನುತ್ತಿದ್ದ ಬಿಳಿಯ ಸೋಡ. ಅದರ ಹೆಂಟೆಗಳು ನೋಡುವುದಕ್ಕೆ ಕಲ್ಲುಸಕ್ಕರೆಯ ಹಾಗೆಯೇ. ನೀರಿಗೆ ಹಾಕಿದರೆ ಕೆಳಗೆ ಬೆಂಕಿಯಿಲ್ಲದೆಯೂ ನೀರು ಕೊತಕೊತ ಕಾಯುತ್ತದೆ. ಚಿಕ್ಕಪ್ಪ ಅದನ್ನು ಹಿತ್ತಿಲ ಮಡಕೆಯಲ್ಲಿ ಕರಗಿಸಿ, ತಣ್ಣಗಾದ ಮೇಲೆ ಎಣ್ಣೆಗೆ ಸುರಿದು, ಮರದ ಕೋಲಿನಿಂದ ತಿರುವುತ್ತಾ ನಿಲ್ಲುತ್ತಿದ್ದ. ಗಟ್ಟಿಯಾದದ್ದನ್ನು ಅವ್ವ ದಾರದಲ್ಲಿ ಕೊಯ್ದು ಬಿಲ್ಲೆ ಮಾಡುತ್ತಿದ್ದಳು. ಆ ಬಿಲ್ಲೆಗಳನ್ನು ಗಾಡಿಗೆ ಹಾಕಿಕೊಂಡು ಅವನು ಹಿರೋಡೆ, ಕೃಷ್ಣರಾಜಪೇಟೆ, ನಾಗಮಂಗಲದ ಸಂತೆಗಳಿಗೆ ಹೋಗುತ್ತಿದ್ದ. ಈಗಿನ ಪಾಂಡವಪುರವನ್ನು ನಮ್ಮ ಕಡೆಯವರು ಆಗ ಹಿರೋಡೆ ಎಂದೇ ಕರೆಯುತ್ತಿದ್ದದ್ದು.

ಆ ದಿನ ಅವ್ವ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋಗಿದ್ದಳು. ಅಜ್ಜಿ ಹಿತ್ತಿಲಲ್ಲಿ ರಾಗಿ ಕೇರುತ್ತಿದ್ದಳು. ಚಿಕ್ಕಪ್ಪ ಸೋಡ ಕರಗಿಸಿದ್ದ. ಮಡಕೆಯಲ್ಲಿ ಹೆಚ್ಚಾದ ನೀರನ್ನು ಚೆಲ್ಲುವುದಕ್ಕೆ ಮನಸ್ಸು ಬಾರದೆ ಕೈಗೆ ಸಿಕ್ಕಿದ ಒಂದು ಕುಡಿಕೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಒಲೆಯ ಮಗ್ಗುಲಲ್ಲಿಟ್ಟ. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಗಾಡಿಯವರು ಕೂಗಿದರೆಂದು ಹೊರಗೆ ಹೋದ. ಅದು ಮನೆಯಲ್ಲಿ ಯಾವಾಗಲೂ ಮಜ್ಜಿಗೆ ಇಡುತ್ತಿದ್ದ ಕುಡಿಕೆ. ಆಟವಾಡಿ ಬಾಯಾರಿ ಬಂದ ನಾನು ದಿನವೂ ಮಾಡುವಂತೆ ತಟ್ಟೆ ಸರಿಸಿ ಎತ್ತಿ ಕುಡಿದೆ. ನನಗೆ ಆಗ ನಾಲ್ಕು ವರ್ಷ ಇರಬಹುದು.

ನೋವು ನನಗೆ ನೆನಪಿಲ್ಲ. ತುಟಿ ನಾಲಿಗೆಯೆಲ್ಲ ಸೋಪು ಹಚ್ಚಿದಂತೆ ಜಾರತೊಡಗಿ, ನನ್ನ ಬಾಯಿ ನನ್ನದಲ್ಲ ಎನ್ನಿಸಿದ್ದು ಮಾತ್ರ ನೆನಪಿದೆ. ಆಮೇಲೆ ಅಜ್ಜಿಯ ಬೆರಳು. ನನ್ನ ಕೂಗಿಗೆ ಓಡಿ ಬಂದ ಅಜ್ಜಿ ಕುಡಿಕೆ ನೋಡಿದವಳೇ ನನಗೆ ಉಪ್ಪುನೀರು ಕುಡಿಸಿ, ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಗಂಟಲಿಗೆ ಬೆರಳು ಹಾಕಿ ಕಕ್ಕಿಸಿದಳು. ಹಿಂದೊಮ್ಮೆ ಉಮ್ಮತ್ತಿ ಬೀಜ ತಿಂದ ನೆರೆಮನೆಯ ಮಗುವನ್ನು ಹಾಗೆಯೇ ಬದುಕಿಸಿದ್ದಳು. ವಿಷ ಒಳಗೆ ಹೋದರೆ ಹೊರಗೆ ತರಬೇಕು ಎಂಬುದು ಅವಳಿಗೆ ಗೊತ್ತಿದ್ದ ಧರ್ಮ. ಊರಲ್ಲಿ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಅವಳು ಅಳುತ್ತಾ ಅಳುತ್ತಾ ಮತ್ತೆ ಮತ್ತೆ ಕಕ್ಕಿಸಿದಳು.

ಅವ್ವ ಬಂದಾಗ ಮನೆ ತುಂಬ ಜನ. ಅಪ್ಪ ಆಗಲೇ ಗಾಡಿ ಕಟ್ಟಿದ್ದ. ಚಿಕ್ಕಪ್ಪ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದನಂತೆ. ಹೊಳೆ ದಾಟಿ ಶ್ರೀರಂಗಪಟ್ಟಣದ ಆಸ್ಪತ್ರೆಗೆ ಹೋದರೆ ಅಲ್ಲಿಯ ಡಾಕ್ಟರು ಹಾಲು, ಮೊಟ್ಟೆಯ ಬಿಳಿ ಕುಡಿಸಿ, ಇದು ತನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಮುಂದಿನ ರೈಲಿಗೇ ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಬಹಳ ದಿನ ಇದ್ದೆವು. ನಾನು ಉಳಿಯುತ್ತೇನೆಂದು ಅಲ್ಲಿಯವರು ಮೊದಮೊದಲು ಹೇಳಲಿಲ್ಲ. ಆಮೇಲೆ ಹೇಳಿದರು.

ಅಲ್ಲಿದ್ದ ವಯಸ್ಸಾದ ಡಾಕ್ಟರು ಕಕ್ಕಿಸಿದ ಸಂಗತಿಯನ್ನು ಅವ್ವನಿಂದ ಕೇಳಿ ತಿಳಿದುಕೊಂಡರಂತೆ. ಮೆಲ್ಲಗೆ, "ತಾಯಿ, ಒಳಗೆ ಹೋಗುವಾಗ ಒಂದು ಸಲ ಸುಟ್ಟಿದ್ದು ಹೊರಗೆ ಬರುವಾಗ ಇನ್ನೊಂದು ಸಲ ಸುಡುತ್ತೆ. ಸುಡೋ ಪದಾರ್ಥ ಕುಡಿದ ಮಗೂನ ಕಕ್ಕಿಸಬಾರದು. ಇದು ನಿಮಗೆ ಗೊತ್ತಿರೋದಕ್ಕೆ ಸಾಧ್ಯ ಇರಲಿಲ್ಲ" ಎಂದರು. ಯಾರು ಕಕ್ಕಿಸಿದ್ದು ಎಂದು ಅವರು ಕೇಳಲಿಲ್ಲ. ಅವ್ವನೂ ಹೇಳಲಿಲ್ಲ.

ಊರಿಗೆ ಬಂದ ಮೇಲೂ ಅವ್ವ ಆ ಮಾತನ್ನು ಮನೆಯಲ್ಲಿ ಆಡಲಿಲ್ಲ. ಡಾಕ್ಟರು ಏನಂದರು ಎಂದು ಅಜ್ಜಿ ಮತ್ತೆ ಮತ್ತೆ ಕೇಳಿದಾಗ, ದೇವರು ದೊಡ್ಡವನು ಅಂದರು ಎಂದಷ್ಟೇ ಉತ್ತರ. ಅಜ್ಜಿ ಸಾಯುವವರೆಗೂ ತಾನೇ ಮೊಮ್ಮಗಳ ಜೀವ ಉಳಿಸಿದ್ದು ಎಂದು ನಂಬಿದ್ದಳು. ಬಂದ ನೆಂಟರಿಗೆಲ್ಲ ಅದನ್ನು ಹೇಳುತ್ತಿದ್ದಳು. ಅವಳು ಹೇಳುವಾಗ ಅವ್ವ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಾ, "ಊಂ ಕಣತ್ತೆ, ನೀವಿಲ್ದಿದ್ರೆ ಏನಾಗ್ತಿತ್ತೋ" ಎನ್ನುತ್ತಿದ್ದಳು. ಇದೆಲ್ಲ ಎಷ್ಟೋ ವರ್ಷದ ಮೇಲೆ ನನಗೆ ಗೊತ್ತಾದದ್ದು.

ಮನೆಗೆ ಬಂದು ಕೆಲವು ವಾರ ಹಾಲು ಗಂಜಿಯಲ್ಲಿ ಚೆನ್ನಾಗಿಯೇ ಇದ್ದೆ. ಗಂಟಲು ಮಾಯುತ್ತಿದೆ ಎಂದು ಎಲ್ಲರೂ ಸಮಾಧಾನಪಟ್ಟರು. ಮಾಯುತ್ತಿದ್ದದ್ದೂ ನಿಜವೇ, ಆದರೆ ಸುಟ್ಟ ಚರ್ಮ ಸುರುಟಿಕೊಳ್ಳುವಂತೆ ಅನ್ನನಾಳ ಒಳಗೊಳಗೇ ಸುರುಟಿಕೊಳ್ಳುತ್ತಿತ್ತು. ಒಂದು ದಿನ ಮೆತ್ತಗೆ ಕಿವುಚಿದ ಅನ್ನವೂ ಇಳಿಯದೆ ನಿಂತಿತು. ಮತ್ತೆ ಮೈಸೂರು. ಆಗ ಶುರುವಾಯಿತು ನನ್ನ ಕಡ್ಡಿ ನುಂಗುವ ಕಾಲ. ಮೇಣದ ಬತ್ತಿಯಂತೆ ನಯವಾದ, ಬಳುಕುವ ಒಂದು ಕಡ್ಡಿಯನ್ನು ಗಂಟಲಿನಿಂದ ಇಳಿಸಿ, ಸುರುಟಿಕೊಂಡ ದಾರಿಯನ್ನು ಸ್ವಲ್ಪ ಸ್ವಲ್ಪವಾಗಿ ಅಗಲ ಮಾಡುವುದು. ಒಂದು ಸಲಕ್ಕೆ ಮುಗಿಯುವಂಥದಲ್ಲ. ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಹಾಗಾಗಿ ನಾನೂ ಅವ್ವನೂ ವರ್ಷಗಟ್ಟಲೆ ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾದವರು.

ರೈಲು ಕಾವೇರಿಯ ಸೇತುವೆ ಹತ್ತುವವರೆಗೂ ನನಗೆ ಖುಷಿ. ಸೇತುವೆ ದಾಟಿತೆಂದರೆ ಅವ್ವನ ಸೆರಗು ಹಿಡಿದುಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಹಿಂದಿನಿಂದ ನನ್ನ ತಲೆ ಹಿಡಿಯುತ್ತಿದ್ದಳು. ಅವ್ವ ಕೈ ಹಿಡಿಯುತ್ತಿದ್ದಳು. ಡಾಕ್ಟರು ಕಡ್ಡಿಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ, "ಮುದ್ದೆ ತುತ್ತು ಅಂದ್ಕೊಂಡು ನುಂಗಿಬಿಡು ಮಗು" ಎನ್ನುತ್ತಿದ್ದರು. ಮುದ್ದೆ ಮರೆತವಳಿಗೆ ಮುದ್ದೆಯ ಹೆಸರಲ್ಲಿ ಕಡ್ಡಿ. ಅದು ಅವರಿಗೂ ಹೊಳೆದಿರಬೇಕು. ಒಂದು ದಿನ ಹಾಗೆ ಹೇಳಿದವರು ನನ್ನ ಕೆನ್ನೆ ಸವರಿ ಕಿಟಕಿಯ ಕಡೆ ತಿರುಗಿದರು. ಅವರಿಗೆ ನಾನು ಹೆದರುತ್ತಿದ್ದೆ. ಅವರ ಮೇಲೆ ಕೋಪ ಮಾತ್ರ ಯಾವತ್ತೂ ಬರಲಿಲ್ಲ.

ಮನೆಯಲ್ಲಿ ಚಿಕ್ಕಪ್ಪ ಬೇರೆ ಮನುಷ್ಯನಾಗಿದ್ದ. ಸೋಡದ ಡಬ್ಬ, ಮಡಕೆ, ತಿರುವುವ ಕೋಲು ಎಲ್ಲವನ್ನೂ ಹಿತ್ತಿಲಾಚೆ ಗುಂಡಿ ತೋಡಿ ಹೂತಿದ್ದ. ಟೋಪಿ ಗೂಟದಲ್ಲೇ ನೇತಾಡುತ್ತಿತ್ತು. ನನ್ನ ಮುಂದೆ ಅವನು ಉಣ್ಣುತ್ತಿರಲಿಲ್ಲ. ಎಲ್ಲರೂ ತಟ್ಟೆಗೆ ಕೂತರೆ ದನಕ್ಕೆ ಹುಲ್ಲು ಹಾಕುವ ನೆಪ ಹೇಳಿ ಎದ್ದು ಹೋಗುತ್ತಿದ್ದ. ನೋಡುವುದಕ್ಕೆ ಬಂದವರೊಬ್ಬರು ಅವನ ಎದುರೇ, ಹೋಗಲಿ ಬುಡು, ಹಣೇಲಿ ಬರೆದಿತ್ತು ಎಂದರು. ಅವನಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದಿರಬೇಕು. ಅವ್ವ ಒಲೆ ಊದುತ್ತಿದ್ದವಳು ತಲೆಯೆತ್ತಿದಳು.

"ಹಣೇಲಿ ಬರ್ದಿತ್ತೋ ಏನೋ ನಾ ಕಾಣೆ. ಕುಡ್ಕೆ ಮಾತ್ರ ಒಲೆ ಮಗ್ಗುಲಲ್ಲಿತ್ತು."

ಅದು ಚುಚ್ಚುಮಾತು ಎಂದುಕೊಂಡು ಚಿಕ್ಕಪ್ಪ ಎದ್ದು ಹೋದ. ಅವ್ವ ಅವನ ಹಿಂದೆಯೇ ಕೊಟ್ಟಿಗೆಗೆ ಹೋದಳು. ನಾನು ಅವಳ ಸೆರಗು ಹಿಡಿದುಕೊಂಡು ಹೋದೆ. ಅಲ್ಲಿ ಆಡಿದ ಮಾತು ಬೇರೆ ಏನೆಲ್ಲ ಮರೆತರೂ ನನಗೆ ಮರೆಯಲಿಲ್ಲ.

"ನಿನ್ನ ಅಂದಿದ್ದಲ್ಲ ಕಣಪ್ಪ," ಎಂದಳು ಅವ್ವ. "ಹಣೆಬರಾನ ನಾವು ತಿದ್ದಾಕಾಗಕಿಲ್ಲ. ಮಡಗೋ ತಾವ ಬದ್ಲಾಯಿಸ್ಬೋದಲ್ವಾ? ಅದ್ಕೆ ಅಂದೆ."

"ನಾನಿನ್ನು ಸೋಪು ಮುಟ್ಟಕಿಲ್ಲ ಅತ್ಗೆ."

"ಸೋಪು ಬುಡಬ್ಯಾಡ. ನೀ ಬುಟ್ರೆ ಇನ್ನೊಬ್ಬ ಮಾಡ್ತಾನೆ. ಅವ್ನಿಗೆ ಇದು ಗೊತ್ತಿರಕಿಲ್ಲ. ನಿಂಗೆ ಗೊತ್ತೈತೆ."

ಚಿಕ್ಕಪ್ಪ ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ.

ಅವ್ವನಿಗೆ ನೆಲುವಿನ ಯೋಚನೆ ಬಂದದ್ದು ಅದಾದ ಮೇಲೆ. ನೆಲುವು ಎಂದರೆ ಸೂರಿನ ತೊಲೆಗೆ ನೇತುಹಾಕುವ ಹಗ್ಗದ ಜೋಲಿ. ಮೊಸರು ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೆ ಸಿಗದಂತೆ ಅದರಲ್ಲಿ ಇಡುತ್ತಾರೆ. ನಮ್ಮ ಕಡೆ ಅದಿಲ್ಲದ ಮನೆಯೇ ಇರಲಿಲ್ಲ. ಒಂದು ಬೆಳಗ್ಗೆ ಬೆಣ್ಣೆ ತೆಗೆಯುವಾಗ ಅವ್ವ ಕೈಯನ್ನು ಅಲ್ಲೇ ನಿಲ್ಲಿಸಿ, "ಬೆಣ್ಣೇನ ಬೆಕ್ಕಿಗೆ ಸಿಗ್ದಂಗೆ ಮಡಗ್ತೀವಿ. ಸೀಮೆಎಣ್ಣೇನ ಮಾತ್ರ ಮಕ್ಳ ಕೈಗೆ ಎಟುಕೋ ತಾವ ಮಡಗ್ತೀವಿ. ಬೆಣ್ಣೆ ತಿಂದ್ರೆ ಬೆಕ್ಕು ಸಾಯಕಿಲ್ವಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅಪ್ಪ ಅದನ್ನು ಕೇಳಿಸಿಕೊಂಡಿರಬೇಕು. ಸಂಜೆಯ ಹೊತ್ತಿಗೆ ಸೆಣಬಿನ ಹಗ್ಗದ ಒಂದು ಹೊಸ ನೆಲುವು ಹೊಸೆದು ಅಡುಗೆಮನೆಯ ಇನ್ನೊಂದು ಮೂಲೆಗೆ ತೂಗುಹಾಕಿದ. ಅದಕ್ಕೆ ದೀಪದ ಸೀಮೆಎಣ್ಣೆ, ಹೊಲಕ್ಕೆ ತಂದಿದ್ದ ಮೈಲುತುತ್ತ, ಇಲಿಗೆ ತಂದಿದ್ದ ಪಾಷಾಣ ಎಲ್ಲವೂ ಹತ್ತಿದವು. ಅವ್ವ ಇನ್ನೊಂದು ಕಟ್ಟಳೆ ಮಾಡಿದಳು: ಉಣ್ಣುವ ಕುಡಿಯುವ ಪಾತ್ರೆಗೆ ಇಂಥ ಯಾವುದನ್ನೂ ಹಾಕಕೂಡದು, ಒಂದು ಗಳಿಗೆಯ ಮಟ್ಟಿಗೂ ಹಾಕಕೂಡದು.

ಚಿಕ್ಕಪ್ಪ ಅದನ್ನೆಲ್ಲ ನೋಡಿದ. ಕೆಲವು ದಿನ ಕಳೆದು ಗೂಟದಿಂದ ಟೋಪಿ ತೆಗೆದು ಹಾಕಿಕೊಂಡು ಮೈಸೂರಿಗೆ ಹೋಗಿ, ತಿರುಪಿನ ಮುಚ್ಚಳದ ಒಂದು ಕಬ್ಬಿಣದ ಡಬ್ಬ ತಂದ. ಸೋಪಿನ ಕೆಲಸ ಮತ್ತೆ ಶುರುವಾಯಿತು. ಈ ಸಲ ಹಿತ್ತಿಲಾಚೆ, ಬಾಗಿಲಿಗೆ ಬೀಗವಿರುವ ಒಂದು ಗುಡಿಸಲಿನಲ್ಲಿ.

ಆದರೆ ಅವ್ವನ ಮನಸ್ಸು ನಮ್ಮ ಮನೆಯೊಳಗೇ ನಿಲ್ಲಲಿಲ್ಲ. ಶ್ರೀರಂಗಪಟ್ಟಣದ ಪೇಟೆಯಲ್ಲಿ ಒಂದು ಶೆಟ್ಟರ ಅಂಗಡಿಯಿತ್ತು. ಅಲ್ಲಿ ಕಾಸ್ಟಿಕ್ ಸೋಡವನ್ನು ತೆರೆದ ಚೀಲದಲ್ಲಿಟ್ಟು, ಕೇಳಿದವರಿಗೆ ಕೇಳಿದಷ್ಟು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಪಕ್ಕದ ಚೀಲ ಕಲ್ಲುಸಕ್ಕರೆಯದು. ರೈಲಿಳಿದು ಊರಿಗೆ ಹೋಗುವಾಗ ಒಂದು ದಿನ ಅವ್ವ ನನ್ನನ್ನು ಆ ಅಂಗಡಿಗೆ ಕರೆದುಕೊಂಡು ಹೋದಳು. ಶೆಟ್ಟರು ಒಳ್ಳೆಯ ಮನುಷ್ಯ. ಮಕ್ಕಳು ಬಂದರೆ ಬರಿಗೈಲಿ ಕಳಿಸುತ್ತಿರಲಿಲ್ಲ. ನನ್ನ ಕೈಗೂ ಒಂದು ಕಡಲೆಮಿಠಾಯಿ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ನಿಂತೆ. ತಿನ್ನು ಮಗ, ನಾಚಿಕೋಬೇಡ ಎಂದರು.

"ಅವ್ಳು ನಾಚ್ಕಂಡಿಲ್ಲ ಶೆಟ್ರೆ," ಎಂದಳು ಅವ್ವ. "ಅವ್ಳಿಗೆ ನುಂಗಾಕಾಗಕಿಲ್ಲ."

ಯಾಕೆ ಎಂದು ಅವರು ಕೇಳಿದರು. ಅವ್ವ ಕೈ ಚಾಚಿ ಸೋಡದ ಚೀಲ ತೋರಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಕುಡಿಕೆಯನ್ನೂ, ಕಡ್ಡಿಯನ್ನೂ, ರಾತ್ರಿ ನಾನು ಎಂಜಲು ನುಂಗಲಾಗದೆ ಎದ್ದು ಕೂರುತ್ತಿದ್ದದ್ದನ್ನೂ. ನಿಮ್ಮಿಂದ ತಂದದ್ದಲ್ಲ, ಮೈಸೂರಿಂದ ತಂದದ್ದು, ನಿಮ್ಮ ತಪ್ಪು ಅಂತ ಬಂದಿಲ್ಲ ಎಂದೂ ಹೇಳಿದಳು. ಶೆಟ್ಟರು ನನ್ನ ಕೈಯಿಂದ ಮಿಠಾಯಿಯನ್ನು ಮೆಲ್ಲಗೆ ತೆಗೆದುಕೊಂಡರು. ಒಳಗೆ ಹೋಗಿ ಲೋಟದಲ್ಲಿ ಹಾಲು ತಂದು ಕೊಟ್ಟು, ನಾನು ಗುಟುಕು ಗುಟುಕಾಗಿ ಅದನ್ನು ಮುಗಿಸುವವರೆಗೂ ಬೇರೆ ಗಿರಾಕಿಗಳ ಕಡೆ ನೋಡಲಿಲ್ಲ.

ಮುಂದಿನ ಸಲ ನಾವು ಹೋಗುವಷ್ಟರಲ್ಲಿ ಸೋಡ ಮುಚ್ಚಳದ ಡಬ್ಬದೊಳಗೆ ಸೇರಿ, ಅಂಗಡಿಯ ಮೇಲಿನ ಹಲಗೆಗೆ ಹತ್ತಿತ್ತು. ಮಕ್ಕಳನ್ನು ಕಳಿಸಿದರೆ ಕೊಡುವುದಿಲ್ಲ, ದೊಡ್ಡವರೇ ಬರಬೇಕು ಎಂದು ಶೆಟ್ಟರು ಹೇಳತೊಡಗಿದ್ದರು. ಅದರಿಂದ ಕೆಲವರು ಸಿಟ್ಟಾದದ್ದೂ ಉಂಟು. ಡಬ್ಬದ ಮೇಲೆ ಅವರು ಒಬ್ಬ ಬಣ್ಣದವನಿಂದ ತಲೆಬುರುಡೆಯ ಚಿತ್ರ ಬರೆಸಿದ್ದರು. ಇಂಗ್ಲಿಷಿನವರ ಔಷಧದ ಸೀಸೆಗಳ ಮೇಲೆ ಅದನ್ನು ನೋಡಿದ್ದರಂತೆ. ಅದು ಮಾತ್ರ ಫಲ ಕೊಡಲಿಲ್ಲ. ಬೀದಿಯ ಮಕ್ಕಳೆಲ್ಲ ಹಲ್ಲು ಕಿರಿಯುವ ಆ ಮುಖವನ್ನು ನೋಡುವುದಕ್ಕೆಂದೇ ಬರತೊಡಗಿದರು. ಎತ್ತಿ ತೋರಿಸಿ ಎಂದು ಹಠ ಹಿಡಿದರು. ಹಳ್ಳಿಯಿಂದ ಬಂದ ಒಬ್ಬ ಮುದುಕಿ ಇದು ಯಾವ ದೇವರು ಎಂದು ಕೇಳಿ ಕೈಮುಗಿದಳಂತೆ. ಶೆಟ್ಟರು ಅದನ್ನು ನಗುತ್ತಾ ಹೇಳಿದರು. ಅವ್ವನಿಗೂ ನಗು ಬಂತು. ಆಮೇಲೆ, ಮಗುವಿಗೆ ಚಿತ್ರವೂ ಆಟಿಕೆಯೇ, ಎತ್ತರದಲ್ಲಿಡುವುದೊಂದೇ ದಾರಿ ಎಂದಳು. ಶೆಟ್ಟರು ಚಿತ್ರದ ಮೇಲೆ ಸುಣ್ಣ ಬಳಿಸಿದರು.

ಊರಿನ ಮನೆಗಳಲ್ಲಿ ಕೆಲಸ ಅಷ್ಟು ಸಲೀಸಾಗಲಿಲ್ಲ. ಅವ್ವ ಯಾರ ಮನೆಗೆ ಹೋದರೂ ಕಣ್ಣು ಮೊದಲು ನೆಲದ ಕಡೆ ಹೋಗುತ್ತಿತ್ತು. ಬಾಗಿಲ ಸಂದಿಯಲ್ಲಿ ಸೀಮೆಎಣ್ಣೆಯ ಸೀಸೆ, ಜಗಲಿಯ ಕೆಳಗೆ ಮೈಲುತುತ್ತದ ಪೊಟ್ಟಣ, ನೀರಿನ ಹಂಡೆಯ ಹಿಂದೆ ಸುಣ್ಣದ ಮಡಕೆ. ಹೇಳಿದರೆ, ನಮ್ಮ ಮಕ್ಕಳು ಅಂಥವಲ್ಲ, ಒಂದೇಟು ಕೊಟ್ಟು ಬುದ್ಧಿ ಹೇಳಿದ್ದೇವೆ ಎನ್ನುತ್ತಿದ್ದರು. ಕೆಲವರು ನನ್ನನ್ನು ನೋಡಿ ಬಾಗಿಲು ಅರೆ ಮಾಡಿಕೊಂಡದ್ದೂ ನನಗೆ ಗೊತ್ತು. ಕೆಟ್ಟದ್ದು ಕಂಡ ಮಗು, ಕೂಸಿರುವ ಮನೆಗೆ ಯಾಕೆ ಎಂದು. ಅವರನ್ನು ದೂರುವ ಹಾಗೂ ಇಲ್ಲ. ಕೋಣೆಯೊಂದು, ಒಲೆಯೊಂದು, ದಿನಪೂರ್ತಿ ಗದ್ದೆಯಲ್ಲಿ ಬಗ್ಗಿದ ಹೆಂಗಸು ಮನೆಗೆ ಬಂದು ಯಾವುದನ್ನು ಎಲ್ಲಿಡುತ್ತಾಳೆ? ಎಣ್ಣೆ ತೀರಿದ ದೀಪಕ್ಕೆ ಕತ್ತಲಾಗುವ ಮುಂಚೆ ಎಣ್ಣೆ ಹುಯ್ದರೆ ಸಾಕಾಗಿರುತ್ತದೆ ಅವಳಿಗೆ. ಅವ್ವನೂ ಅಂಥವಳೇ ಆಗಿದ್ದರಿಂದ ಅದು ಅವಳಿಗೆ ಬೇಗ ಅರ್ಥವಾಯಿತು. ಬುದ್ಧಿ ಹೇಳುವುದನ್ನು ಬಿಟ್ಟಳು. ಬರಿಗೈಯಲ್ಲಿ ಹೋಗುವುದನ್ನೂ ಬಿಟ್ಟಳು.

ಒಂದು ಮನೆಯಲ್ಲಿ ಕೂಸು ಅಂಬೆಗಾಲಿಟ್ಟಿತು ಎಂದು ಕೇಳಿದರೆ ಸಾಕು, ಅಪ್ಪ ಹೊಸೆದ ನೆಲುವನ್ನು ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಜೊತೆಗೆ ಒಂದು ಹಿಡಿ ಕೊಬ್ಬರಿ ಬೆಲ್ಲ. ಇದು ಕೂಸಿನ ನೆಲುವು, ಇದರಲ್ಲಿ ಕೂಸಿಗೆ ಆಗದ್ದನ್ನೆಲ್ಲ ಇಡಬೇಕು ಎನ್ನುತ್ತಿದ್ದಳು. ಅರಿಶಿನ ಕುಂಕುಮದ ಜೊತೆ ಬಂದದ್ದನ್ನು ಯಾರು ಬೇಡವೆನ್ನುತ್ತಾರೆ? ಅಪ್ಪನೇ ತೊಲೆಗೆ ಕಟ್ಟಿಕೊಟ್ಟು ಬರುತ್ತಿದ್ದದ್ದೂ ಉಂಟು. ಅಜ್ಜಿಗೆ ಇದು ಬಹಳ ಹಿಡಿಸಿತು. ಮೊದಲು ನೆಲುವಿಗೆ ಬೇವಿನ ಎಲೆ ಸಿಕ್ಕಿಸಬೇಕೆಂದು ಅವಳೇ ಶಾಸ್ತ್ರ ಮಾಡಿದಳು. ಶಾಸ್ತ್ರ ಸೇರಿದ ಮೇಲೆ ಕೆಲಸ ಸಲೀಸಾಯಿತು. ಕೆಲವು ವರ್ಷಗಳಲ್ಲಿ ಕಿರಂಗೂರಿನ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳಿಗೂ ಆ ಪದ್ಧತಿ ಹೋಯಿತು. ನೆಲುವು ಕೊಡುವಾಗ ಅವ್ವ ಕೂಸಿನ ತಾಯಿಯನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳುತ್ತಿದ್ದಳು: ಸುಡುವಂಥದನ್ನೋ ಸೀಮೆಎಣ್ಣೆಯನ್ನೋ ಕುಡಿದರೆ ಕಕ್ಕಿಸಬೇಡಿ, ಯಾವುದರಲ್ಲಿ ಕುಡಿಯಿತೋ ಆ ಪಾತ್ರೆಯನ್ನೂ ತೆಗೆದುಕೊಂಡು ತಡಮಾಡದೆ ಆಸ್ಪತ್ರೆಗೆ ಓಡಿ ಎಂದು. ಸೀಮೆಎಣ್ಣೆಯ ವಿಷಯವನ್ನು ಅವಳು ಮೈಸೂರಿನ ಡಾಕ್ಟರನ್ನೇ ಕೇಳಿ ತಿಳಿದುಕೊಂಡಿದ್ದಳು. ಕಕ್ಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದಿದ್ದರಂತೆ. ಈ ಮಾತನ್ನು ಅವಳು ಅಜ್ಜಿ ಜೊತೆಯಲ್ಲಿದ್ದಾಗ ಒಮ್ಮೆಯೂ ಹೇಳಿದವಳಲ್ಲ. ಅಜ್ಜಿ ಬೇವಿನ ಎಲೆ ಹುಡುಕಲು ಹಿತ್ತಿಲಿಗೆ ಹೋಗುವವರೆಗೂ ಕಾಯುತ್ತಿದ್ದಳು. ಊರೂರು ತಿರುಗುವ ಚಿಕ್ಕಪ್ಪನಿಗೂ ಅಜ್ಜಿಗೆ ತಿಳಿಯದಂತೆ ಹೇಳಿಟ್ಟಿದ್ದಳು.

ಚಿಕ್ಕಪ್ಪನಿಗೆ ಈ ನಡುವೆ ಮದುವೆಯಾಯಿತು. ಹೆಣ್ಣು ಕೃಷ್ಣರಾಜಪೇಟೆಯ ಕಡೆ ಗೋವಿಂದನಹಳ್ಳಿಯದು. ಸಂತೆಗೆ ಹೋದಾಗಲೆಲ್ಲ ಅವನು ಮಾವನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದ. ಅಲ್ಲಿ ಒಂದು ದಿನ, ಹಳೆಯ ಕಲ್ಲಿನ ಗುಡಿಯ ಹತ್ತಿರದ ಮನೆಯಲ್ಲಿ, ಆಗ ತಾನೇ ನಡೆಯಲು ಕಲಿತಿದ್ದ ಗಂಡುಕೂಸು ದೀಪಕ್ಕೆ ಹುಯ್ಯಲು ತೆಗೆದಿಟ್ಟಿದ್ದ ಸೀಮೆಎಣ್ಣೆ ಕುಡಿದುಬಿಟ್ಟಿತು. ಚಿಕ್ಕಪ್ಪ ಹೋಗುವಷ್ಟರಲ್ಲಿ ಮಗುವನ್ನು ತಲೆಕೆಳಗೆ ಹಿಡಿದಿದ್ದರು, ಇನ್ನೊಬ್ಬರು ಹುಣಸೆನೀರು ಕಲಸುತ್ತಿದ್ದರು. ನಮ್ಮ ಚಿಕ್ಕಪ್ಪ ಹೆದರುವ ಸ್ವಭಾವದವನಾಗಿಬಿಟ್ಟಿದ್ದ. ಜನರ ನಡುವೆ ದನಿಯೆತ್ತಿ ಎಷ್ಟೋ ಕಾಲವಾಗಿತ್ತು. ಅವತ್ತು ಮಗುವನ್ನು ಅವರ ಕೈಯಿಂದ ಕಿತ್ತುಕೊಂಡನಂತೆ. ಕಕ್ಕಿಸಬೇಡಿ ಎಂದು ತಡೆದನಂತೆ. ಅಲ್ಲಿಯ ಯಜಮಾನರು ಸಿಟ್ಟಿನಿಂದ, ನೀನ್ಯಾರ್ಲಾ ಹೇಳಕೆ ಎಂದರು.

"ನಮ್ಮಣ್ಣನ ಮಗಳು ಹಿಂಗೇ ಕುಡಿದು ಕಕ್ಕಿದ್ಲು ಕಣಣ್ಣ. ಇವತ್ಗೂ ಮುದ್ದೆ ನುಂಗಕಿಲ್ಲ. ನನ್ ಕಾಲಿಗ್ ಬೇಕಾದ್ರೂ ಬೀಳ್ತೀನಿ, ಮಗೀನ ಆಸ್ಪತ್ರೆಗೆ ಕೊಡು" ಎಂದನಂತೆ ಚಿಕ್ಕಪ್ಪ. ಗಾಬರಿಯಲ್ಲಿ ನಿನ್ನ ಕಾಲಿಗೆ ಎನ್ನಬೇಕಾದ್ದನ್ನು ನನ್ನ ಕಾಲಿಗೆ ಎಂದಿದ್ದ. ಅವನ ಮುಖ ನೋಡಿದ ಯಜಮಾನರು ಗಾಡಿ ಕಟ್ಟಿಸಿದರು.

ಮಗು ಕೆಲವು ದಿನ ಕೆಮ್ಮಿ, ಜ್ವರ ಬಂದು, ಎದ್ದು ಆಡಿತು. ಚಿಕ್ಕಪ್ಪ ಆಸ್ಪತ್ರೆಯಲ್ಲಿ ಅವರ ಜೊತೆಗೇ ಇದ್ದು, ಸಂತೆಯನ್ನೂ ಬಿಟ್ಟು, ಮಗು ಚೇತರಿಸಿಕೊಂಡ ಮೇಲೆ ಊರಿಗೆ ಬಂದ. ಬಂದವನು ಕೈಕಾಲು ತೊಳೆದು, ಅಡುಗೆಮನೆಯಲ್ಲಿ ನಾನು ಗಂಜಿ ಕುಡಿಯುತ್ತಿದ್ದ ಕಡೆ ಬಂದು ನನ್ನ ಎದುರಿಗೇ ಕೂತ. ಮುದ್ದೆ ಹಾಕಿ ಅತ್ಗೆ, ಹಸಿವಾಗೈತೆ ಎಂದ. ಅವ್ವ ತಟ್ಟೆ ಇಟ್ಟಳು. ಅವನು ಉಣ್ಣುತ್ತಾ ನಡೆದದ್ದನ್ನೆಲ್ಲ ಹೇಳಿದ.

ನಾನು ದೊಡ್ಡವಳಾಗುತ್ತಾ ಬಂದ ಹಾಗೆ ಮೈಸೂರಿನ ಪ್ರಯಾಣ ವಿರಳವಾಯಿತು. ಡಾಕ್ಟರು ಬೇರೆ ಊರಿಗೆ ಹೋದರು. ಅವರ ಜಾಗಕ್ಕೆ ಬಂದವರು ಇನ್ನು ತೊಂದರೆಯಾದಾಗ ಬಂದರೆ ಸಾಕು ಎಂದರು. ಮೆತ್ತಗಿನ ಅನ್ನ, ಅಂಬಲಿ, ಚೆನ್ನಾಗಿ ಬೇಯಿಸಿ ಮಸೆದ ಸೊಪ್ಪು ಇಳಿಯುತ್ತಿದ್ದವು. ಮುದ್ದೆ ಮಾತ್ರ ಇಲ್ಲ. ಅದಕ್ಕೆ ಹೊಂದಿಕೊಂಡಿದ್ದೆ. ಊರವರೂ ಹೊಂದಿಕೊಂಡಿದ್ದರು, ಮದುವೆ ಮನೆಗಳಲ್ಲಿ ಬಡಿಸುವವರು ನನ್ನ ಎಲೆಗೆ ಬಂದಾಗ ತಾವಾಗಿಯೇ ಅನ್ನವನ್ನು ಕಿವುಚಿ ಹಾಕುತ್ತಿದ್ದರು.

ನನಗೇ ಮದುವೆಯ ಮಾತು ಬಂದಾಗ ಮನೆಯಲ್ಲಿ ತಳಮಳ ಎದ್ದಿತು. ನಾಗಮಂಗಲದ ಕಡೆಯ ಒಂದು ಒಕ್ಕಲುಮನೆ. ಮದುವೆ ಆಗುವ ತನಕ ಗಂಟಲಿನ ವಿಷಯ ಎತ್ತಬೇಡಿ ಎಂದು ನೆಂಟರೆಲ್ಲ ಹೇಳಿದರು. ಅಜ್ಜಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಇದ್ದಿದ್ದರೆ ಅವಳೂ ಹಾಗೇ ಹೇಳುತ್ತಿದ್ದಳೋ ಏನೋ. ಅಜ್ಜಿಯ ಬೆರಳಿನ ವಿಷಯವನ್ನು ಅವ್ವ ನನಗೆ ಹೇಳಿದ್ದು ಆ ದಿನಗಳಲ್ಲೇ. ಮನೆ ಬಿಟ್ಟು ಹೋಗುವವಳಿಗೆ ಹೇಳಿರಬೇಕು, ನಾಳೆ ನಿನ್ನ ಮಕ್ಕಳಿಗೆ ಆಗಬಾರದು, ಆದರೆ ಅಜ್ಜಿಯನ್ನು ಮನಸ್ಸಲ್ಲಿ ಬಯ್ಯಬಾರದು ಎಂದಳು. ನಾನು ಬಯ್ಯಲಿಲ್ಲ. ಅಳುತ್ತಾ ಬೆನ್ನು ಸವರಿದ ಆ ಕೈ ನನಗೆ ನೆನಪಿತ್ತು.

ಗಂಡಿನ ಕಡೆಯವರು ನೋಡುವುದಕ್ಕೆ ಬಂದ ದಿನ ಜಗಲಿಯ ತುಂಬ ಜನ. ಅವರ ಜೊತೆ ಗಂಡಿನ ಅಜ್ಜಿಯೂ ಬಂದಿದ್ದಳು. ಆ ಮನೆಯಲ್ಲಿ ಅವಳದೇ ಮಾತು ಎಂದು ಕೇಳಿದ್ದೆವು. ಎಲ್ಲರೂ ಕೂತು ನೀರು ಬೆಲ್ಲ ಆದ ಮೇಲೆ, ನೆಂಟರು ಕಣ್ಸನ್ನೆ ಮಾಡುತ್ತಿದ್ದರೂ, ಅವ್ವ ಎದ್ದು ನಿಂತು ಎಲ್ಲ ಹೇಳಿದಳು. ಹುಡುಗಿಗೆ ಚಿಕ್ಕಂದಿನಲ್ಲಿ ಹೀಗಾಯಿತು, ಮುದ್ದೆ ನುಂಗಲಾಗುವುದಿಲ್ಲ, ಯಾವಾಗಲಾದರೂ ಗಂಟಲು ಹಿಡಿದುಕೊಂಡರೆ ಮೈಸೂರಿಗೆ ಕರೆದುಕೊಂಡು ಹೋಗಬೇಕಾಗುತ್ತದೆ, ಇದು ನಿಮಗೆ ಒಪ್ಪಿಗೆಯಾದರೆ ಮುಂದಿನ ಮಾತು. ಚಿಕ್ಕಪ್ಪ ನೆಲ ನೋಡುತ್ತಿದ್ದ. ನಾನು ಬಾಗಿಲ ಹಿಂದಿದ್ದೆ.

ಆ ಮುದುಕಿ ಎಲೆಯಡಿಕೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಿದ್ದಳು. ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು:

"ಮತ್ತೇನ್ ಉಣ್ತದವ್ವ ಮಗ?"

"ಅಂಬ್ಲಿ, ಮೆತ್ಗಿರೋ ಅನ್ನ, ಮಸೆದ ಸೊಪ್ಪು" ಎಂದಳು ಅವ್ವ.

"ನಂಗೂ ಒಂದೂ ಹಲ್ಲಿಲ್ಲ, ಮುದ್ದೆನೂ ಇಳೀತಿಲ್ಲ. ನಾನುಣ್ಣೋದೂ ಅದ್ನೇಯ. ನಮ್ಮನೇಲಿ ನಂಗೊಬ್ಳಿಗೇ ಅಂತ ಮಾಡಾಕೆ ಎಲ್ರಿಗೂ ಬೇಸ್ರ. ಇನ್ಮ್ಯಾಗೆ ಇಬ್ರಿಗೂ ಒಂದೇ ಮಡ್ಕೇಲಿ ಮಾಡ್ಕಂಡ್ರಾಯ್ತದೆ ಬುಡು."

ಹಾಗೆಂದು ಮತ್ತೆ ಕುಟ್ಟತೊಡಗಿದಳು. ಯಾರೋ ನಕ್ಕರು, ಆಮೇಲೆ ಜಗಲಿಯವರೆಲ್ಲ ನಕ್ಕರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದವಳು ಒಲೆಯ ಮುಂದೆ ಕೂತುಬಿಟ್ಟಳು. ಆ ವರ್ಷ ಸುಗ್ಗಿ ಮುಗಿದ ಮೇಲೆ ನನ್ನ ಮದುವೆಯಾಯಿತು. ಆ ಅಜ್ಜಿ ಇರುವವರೆಗೂ ನಾವಿಬ್ಬರೂ ಒಂದೇ ಮಡಕೆಯ ಅಂಬಲಿ ಕುಡಿದೆವು. ಉಪ್ಪು ಕಡಿಮೆಯಾಯಿತೆಂದು ಅವಳು ದಿನವೂ ಗೊಣಗುತ್ತಿದ್ದಳು.